ಶೆಟ್ಟೆಪ್ಪ ಬಿಟ್ಟುಕೊಟ್ಟ ಆಯ

ಕುಲಗೋಡದ ಬಡಿಗ ಶೆಟ್ಟೆಪ್ಪ ಚಕ್ಕಡಿ ಮಾಡಿದರೆ ಅಪ್ಪ ಹೂಡಿದ್ದನ್ನು ಮಗನೂ ಹೂಡಬೇಕು, ಅಂಥ ಕೈ. ಊರಿನ ಅರ್ಧ ಮನೆಗಳ ಆಯ ಅವನದು. ವರ್ಷವಿಡೀ ಅವರ ಕೂರಿಗೆ, ಕುಂಟೆ, ನೇಗಿಲು ರಿಪೇರಿ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ರಾಶಿಯಲ್ಲಿ ತನ್ನ ಪಾಲು ತರುವುದು. ಅದು ಭಿಕ್ಷೆಯಲ್ಲ, ಹಕ್ಕು. ಬಡಿಗನ ಪಾಲು ತೆಗೆಯದೆ ರಾಶಿ ಮನೆಗೆ ಹೋಗುತ್ತಿರಲಿಲ್ಲ.

ಇಂಥ ಮನುಷ್ಯ ಐವತ್ತೆಂಟನೇ ಇಸವಿಯಲ್ಲಿ ಮೋಟಾರಿನ ಮರುಳಿಗೆ ಬಿದ್ದ. ಬೀಳಿಸಿದವನು ಸಾತಪ್ಪ, ಅದೇ ಊರಲ್ಲಿ ಹುಟ್ಟಿ, ಶೆಟ್ಟೆಪ್ಪನ ಜೊತೆ ಒಂದೇ ತಾಟಿನಲ್ಲಿ ಉಂಡು, ಈಗ ಗೋಕಾಕದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟವನು. ಮುಂಬೈ ಕಡೆಯ ಒಂದು ಕಂಪನಿಯ ಏಜೆನ್ಸಿ ಬರುತ್ತದೆಂದು ಹಿಗ್ಗಿ ಹೀರೇಕಾಯಿಯಾಗಿದ್ದ.

"ಕಂಪನಿ ಹೊಸಾ ಚಾಸಿ ಮಾಡತೈತಿ ದೋಸ್ತ. ಚಾಸಿ ಅಂದ್ರ ಗಾಡಿ ತಳದ ಕಬ್ಬಿಣದ ಚೌಕಟ್ಟು. ಎಂಜಿನ್ ಮುಂದ, ಜೋರು ಹಿಂದಿನ ಗಾಲಿಗಿ. ಮ್ಯಾಲ ಕಾರು ಕೂಡಸು, ವ್ಯಾನು ಕೂಡಸು, ಎರಡಕ್ಕೂ ಅದ ಚಾಸಿ! ವ್ಯಾನಿನ ಕಟ್ಟಿಗಿ ಬಾಡಿ ಎಲ್ಲಾ ನಿಂದ."

"ಎತ್ತು ಮುಂದ ನಿಂತು ಎಳೀತಾವ. ನಿನ್ನ ಗಾಡಿ ಹಿಂದಿಂದ ನೂಕತೈತೇನೋ?" ಎಂದು ಶೆಟ್ಟೆಪ್ಪ ನಕ್ಕ.

"ನೂಕಲಿ ಬಿಡೋ, ಹೋದ್ರ ಸಾಕಲ್ಲ! ಆದ್ರ ಕೂರಿಗಿ ಕೆತ್ತಕೋತ ಕುಂತ್ರ ಈ ಕೆಲಸ ಆಗೂದಿಲ್ಲ. ಆಯ ಬಿಡು."

ಆಯ ಬಿಡುವುದೆಂದರೆ ಹುಡುಗಾಟವೇ? ಹಿರಿಯರ ಮುಂದೆ, ಆಯ ಹಿಡಿಯುವ ಹೊಸ ಬಡಿಗನಿಗೆ ಎಲೆ ಅಡಿಕೆ ಕೊಟ್ಟು ಬಿಡಬೇಕು. ಹೊಸಬ ಮೊದಲ ಸುಗ್ಗಿಯ ಪಾಲು ಎತ್ತುವ ತನಕ ಮಾತು ಹಿಂದಕ್ಕೆ ಪಡೆಯಬಹುದು. ಎತ್ತಿದನೋ, ಮುಗಿಯಿತು. ಹೆಂಡತಿ ದುಂಡವ್ವ ಬಡಿದುಕೊಂಡಳು: "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಬ್ಯಾಡ್ರಿ. ಚಾಸಿ ಅಂಗಳಕ್ಕ ಬರ್ಲಿ, ಆಮ್ಯಾಲ ಬಿಡ್ರಿ."

"ಸಾತಪ್ಪನ ಮಾತಂದ್ರ ಮಾತು!" ಎಂದು ಶೆಟ್ಟೆಪ್ಪ ಗುಡುಗಿದ. ಎಲೆ ಅಡಿಕೆ ದಾಯಾದಿ ಕರೆಪ್ಪನ ಕೈಗೆ ಹೋಯಿತು.

ಸಾತಪ್ಪ ಕೊಟ್ಟ ಅಳತೆಗೆ ಶೆಟ್ಟೆಪ್ಪ ಸಾಗವಾನಿ ಕೊಯ್ದು ಬಾಡಿ ಕಟ್ಟಿದ. ಎಂಥ ಬಾಡಿ ಅಂತೀರಿ! ಬೆರಳಿನಿಂದ ನೂಕಿದರೆ ಬಾಗಿಲು ಸದ್ದಿಲ್ಲದೆ ಮುಚ್ಚುತ್ತಿತ್ತು. ಗೋಕಾಕದಲ್ಲಿ ಸಾತಪ್ಪನ ಅಂಗಡಿಯ ಮುಂದೆ ನಿಲ್ಲಿಸಿದಾಗ ಸಂತೆಗೆ ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಚಾಸಿ ಮಾತ್ರ ಬರಲಿಲ್ಲ. ದಸರೆಗೆ ಬರುತ್ತದೆ ಅಂದರು, ಯುಗಾದಿಗೆ ಅಂದರು. ಒಮ್ಮೆ ಕಾರು ಮೊದಲಂತೆ, ವ್ಯಾನು ಆಮೇಲಂತೆ. ಒಮ್ಮೆ ಎರಡೂ ಬೇಡ, ಬರೀ ಲಾರಿಯಂತೆ. ಹೊತ್ತಿಗೊಂದು ಮಾತಿನ ದರಿದ್ರ ಕಂಪನಿ! ಸುಗ್ಗಿ ಬಂತು, ಕರೆಪ್ಪ ಪಾಲು ಎತ್ತಿದ. ಶೆಟ್ಟೆಪ್ಪ ತಲೆ ಕೆಡಿಸಿಕೊಳ್ಳದೆ ಗೋಕಾಕಕ್ಕೆ ಹೋಗಿ ತನ್ನ ಸಾಗವಾನಿಗೆ ಎಣ್ಣೆ ಒರೆಸಿ ಬಂದ.

ಮುಂದಿನ ಸುಗ್ಗಿಯ ಹೊತ್ತಿಗೆ ಮತ್ತೆ ಹೋದಾಗ, ಒಳಗೆ ಸಾತಪ್ಪ ಯಾವನೋ ಗಿರಾಕಿಗೆ ಹೇಳುತ್ತಿದ್ದ: "ಆ ಚಾಸಿ ಎಲ್ಲೀದ್ರಿ? ಹೋದ ಸುಗ್ಗಿಗಿಂತ ಮೊದಲ ಕಂಪನ್ಯಾವ್ರು ಕೈಬಿಟ್ಟಾರ. ಬಾಡಿ ನೋಡಾಕ ಮಂದಿ ನಿಲ್ಲತಾರ, ನಿಂತವ್ರು ಟಾಯರ್ ಒಯ್ತಾರ. ಅದಕ ಇಟ್ಟೇನಿ."

ಶೆಟ್ಟೆಪ್ಪ ಒಳಗೆ ನುಗ್ಗಿದ. "ಹೋದ ಸುಗ್ಗಿಗಿಂತ ಮೊದಲ ಗೊತ್ತಿತ್ತೇನೋ ನಿನಗ?"

ಸಾತಪ್ಪ ತಡವರಿಸಿದ. "ಕಂಪನಿ ಮನಸು ಬದಲಾದ್ರ ನಾ ಏನ್ ಮಾಡ್ಲೋ?"

"ಕಂಪನಿ ಹಾಳಾಗಿ ಹೋಗ್ಲಿ! ಕಂಪನಿ ಮಾರಿ ನಾ ಕಂಡಿಲ್ಲ. ಆಯ ಬಿಟ್ಟದ್ದು ನಿನ್ನ ಮಾತಿಗಿ. ಕುಲಗೋಡದಾಗ ಹುಟ್ಟಿದವ ನೀ, ರೀತಿ ಗೊತ್ತಿಲ್ಲೇನು? ಒಂದ ಮಾತು ಹೇಳಿದ್ದರ ಕರೆಪ್ಪನ ಕೈಯಿಂದ ಎಲಿ ಅಡಿಕಿ ತಿರುಗಿ ಇಸಗೋತಿದ್ದೆ!"

ಸಾತಪ್ಪ ಗಿರಾಕಿಯತ್ತ ತಿರುಗಿ ಟಾಯರಿನ ಬೆಲೆ ಹೇಳತೊಡಗಿದ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ.

ಶೆಟ್ಟೆಪ್ಪ ಬಸ್ಸಿಳಿದು ಬರುವಾಗ ದಾರಿಯ ಕಣದಲ್ಲಿ ರಾಶಿ ಪೂಜೆ ಮುಗಿದಿತ್ತು. ಕಾಲು ರೂಢಿಯಂತೆ ಅತ್ತಲೇ ಹೋದವು. ಹೊಲದ ಯಜಮಾನ ಲಗಮಪ್ಪ ಅವನನ್ನು ಕಂಡು ಮುಖ ತಗ್ಗಿಸಿದ. ಬಡಿಗನ ಪಾಲು ಎತ್ತುತ್ತಿದ್ದ ಕರೆಪ್ಪ ಎದ್ದು ಬಂದು, ಮೊರದ ತುಂಬ ಜೋಳ ಹಿಡಿದು, "ತಗೋ ಅಣ್ಣ, ಮನಿಗಿ ಒಯ್ಯಿ" ಎಂದ.

ಮನೆಯಲ್ಲಿ ಹಿಟ್ಟಿರಲಿಲ್ಲ. ಶೆಟ್ಟೆಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಒಡ್ಡಿದ.