ಗಾಳ ಹಿಡಿದ ಟೈಪಿಂಗ್ ಮೇಡಂ

ಮೇಡಂ ಅವರ ಬಲಗೈ ತೋರುಬೆರಳಿನ ಒಳಮಡಿಕೆಯಲ್ಲಿ ಒಂದು ಬಿಳಿ ಗೆರೆ ಇತ್ತು. ಗಾಳದ ನೈಲಾನ್ ದಾರ ವರ್ಷಗಟ್ಟಲೆ ಉಜ್ಜಿ ಆದ ಗಾಯ ಅದು. ಆರುತ್ತಿತ್ತು, ದೊಡ್ಡ ಮೀನು ಎಳೆದಾಗ ಮತ್ತೆ ಸೀಳುತ್ತಿತ್ತು. ಸುರಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಅವರ ಟೈಪಿಂಗ್ ಕ್ಲಾಸಿಗೆ ನಾನು ಸೇರಿದ ದಿನ ಅದೇ ಬೆರಳು ನನ್ನ ಮೂಗಿನ ಮುಂದೆ ಬಂದು ನಿಂತಿತು. "ಕೀಲಿ ನೋಡಬ್ಯಾಡ. ಕಣ್ಣು ಕಾಗದದ ಮ್ಯಾಲ ಇರ್ಲಿ" ಎಂದರು. ಆದರೂ ನಾನು ಕದ್ದು ನೋಡಿದಾಗ ಕೈಗಳ ಮೇಲೆ ಒಂದು ಟವೆಲ್ ಹೊದಿಸಿಬಿಟ್ಟರು.

ಅವರು ಮದುವೆಯಾಗಿರಲಿಲ್ಲ. ವಾರವೆಲ್ಲ ಟೈಪಿಂಗ್ ಮಷೀನುಗಳ ಸದ್ದು, ಕಾಲ ಬದಲಾದಮೇಲೆ ಕಂಪ್ಯೂಟರುಗಳ ಸದ್ದು. ಭಾನುವಾರ ಮಾತ್ರ ಕೃಷ್ಣೆಯ ದಂಡೆ. ಜೋಳದ ಹಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಉಂಡೆ ಕಟ್ಟಿ, ಹೈದರಾಬಾದಿನಿಂದ ತರಿಸಿದ ದಾರ ಸುತ್ತುವ ಗಿರಕಿಯ ಗಾಳ ಹಿಡಿದು ಬಂಡೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಹೆಣ್ಣುಮಗಳು ಗಾಳ ಹಾಕುವುದೇನು ಎಂದು ಮೊದಮೊದಲು ನಕ್ಕವರೆಲ್ಲ ಆಮೇಲೆ ಹಿಟ್ಟು ಹದ ಮಾಡುವುದನ್ನು ಅವರಿಂದಲೇ ಕಲಿತರು. ಹಾಗೆ ಒಂದು ಗುಂಪಾಯಿತು: ಬಜಾರಿನ ಟೇಲರ್, ಇಬ್ಬರು ಮೂವರು ಮೇಷ್ಟ್ರುಗಳು, ರಜೆ ಸಿಕ್ಕಾಗ ಬರುವ ಕಂಡಕ್ಟರ್ ಒಬ್ಬರು, ಕೊನೆಗೆ ಅವರ ಶಿಷ್ಯೆ ನಾನೂ. ಹಿಡಿದ ದೊಡ್ಡ ಮೀನನ್ನು ಮೇಡಂ ಸಂಕೋಚವಿಲ್ಲದೆ ಮನೆಗೊಯ್ದು ಖಾರವಾಗಿ ಸಾರು ಮಾಡಿ ಉಣ್ಣುತ್ತಿದ್ದರು. ಮರಿ ಸಿಕ್ಕಿದರೆ ಮಾತ್ರ ಗಾಳ ಬಿಡಿಸಿ ನೀರಿಗೆಸೆದು, "ಬೆಳದು ಬಾ, ಹೋಗು" ಎನ್ನುತ್ತಿದ್ದರು.

ಮೂರ್ನಾಲ್ಕು ವರ್ಷಗಳ ಹಿಂದೆ ಆ ದಂಡೆಗೇ ಕುತ್ತು ಬಂತು. ಹೊಳೆಯ ಆ ಭಾಗದಲ್ಲಿ ನೀರುನಾಯಿಗಳಿವೆ, ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಆಳವಾದ ಮಡುವಿದೆ, ಹಾಗಾಗಿ ಅದನ್ನೆಲ್ಲ ಸಂರಕ್ಷಿತ ಪ್ರದೇಶ ಮಾಡಬೇಕು, ಬಲೆಯಾಗಲಿ ಗಾಳವಾಗಲಿ ಅಲ್ಲಿ ಇಳಿಯಬಾರದು ಎಂಬ ಅರಣ್ಯ ಇಲಾಖೆಯ ಪ್ರಸ್ತಾವ ಅದು. ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಸುದ್ದಿ ತಿಳಿದ ಸಂಜೆಯೇ ನಾವೆಲ್ಲ ಟೈಪಿಂಗ್ ಕ್ಲಾಸಿನಲ್ಲಿ ಸೇರಿದೆವು.

"ನಾವೇನು ಹೊಳಿ ಬರಿದು ಮಾಡ್ತೀವೇನ್ರಿ? ವಾರಕ್ಕೊಂದು ಮೀನು ಸಿಕ್ರ ಅದಽ ಹಬ್ಬ" ಎಂದು ಟೇಲರ್ ಸಿಟ್ಟಿನಿಂದ ಹೇಳಿದರು. ಅವರ ದೊಡ್ಡ ಮೀನುಗಳೆಲ್ಲ ಸಿಕ್ಕಿದ್ದು ಆ ಮಡುವಿನಲ್ಲೇ.

"ಒದರಬ್ಯಾಡ. ಸಭಾದಾಗ ನಾ ಮಾತಾಡ್ತೀನಿ" ಎಂದರು ಮೇಡಂ.

ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ಬಂದು ನಿಂತ. ಹೊಳೆಯ ಮೇಲ್ಭಾಗದಲ್ಲಿ ಮೀನಿನ ಗುತ್ತಿಗೆ ಹಿಡಿದು ದೊಡ್ಡ ಬಲೆ ಹಾಕಿಸುತ್ತಿದ್ದ ಸಾವುಕಾರ. ಕರೆಯದೆಯೇ ಕುರ್ಚಿ ಎಳೆದು ಕೂತ. "ಮೇಡಂ, ಜನಾ ನಾ ತರ್ತೀನಿ, ಗಾಡಿ ನಾ ಕೊಡ್ತೀನಿ. ಮಾತು ನೀವಾಡ್ರಿ."

"ನಿನ್ನ ಬಲೆ ಬ್ಯಾರೆ, ನಮ್ಮ ಗಾಳ ಬ್ಯಾರೆ."

"ಬಂದ್ ಆದ್ರ ಇಬ್ಬರಿಗೂ ಬಂದ್ ಅಲ್ಲೇನ್ರಿ?"

ಟೇಲರ್ ತಲೆಯಾಡಿಸಿದರು. ಮೇಡಂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಸಭೆಗೆ ಮುಂಚಿನ ಭಾನುವಾರ ಮೇಡಂ, ಟೇಲರ್, ನಾನು ಮೂವರೇ ಹೊಳೆಗೆ ಹೋಗಿದ್ದೆವು. ಗಾಳ ಬಿಟ್ಟು ಇನ್ನೂ ಸರಿಯಾಗಿ ಕೂತಿರಲಿಲ್ಲ, ಮಡುವಿನ ಕಡೆಯಿಂದ ಢಂ ಎಂದಿತು. ಕಾಲ ಕೆಳಗಿನ ಬಂಡೆ ಅದುರಿತು. ಓಡಿ ಹೋಗಿ ನೋಡಿದರೆ ನೀರಿನ ಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡವು ಕೆಲವೇ, ಉಳಿದವೆಲ್ಲ ಬೆರಳುದ್ದದ ಮರಿಗಳು. ಎದುರು ಬಂಡೆಯ ಮೇಲೆ ಇಬ್ಬರು ನಿಂತಿದ್ದರು. ಒಬ್ಬನ ಕೈಯಲ್ಲಿ ಇನ್ನೊಂದು ಸಿಡಿಮದ್ದಿನ ತೋಟಾ, ಮತ್ತೊಬ್ಬನ ಕೈಯಲ್ಲಿ ಬೆಂಕಿಪೊಟ್ಟಣ.

ಮೇಡಂ ಚಪ್ಪಲಿ ಬಿಟ್ಟವರೇ ನೀರಿಗಿಳಿದರು. ಸೊಂಟದವರೆಗೆ ನೀರು ಬಂದಮೇಲೆ ನಿಂತರು.

"ಅಮ್ಮಾ, ಹೊರಗ ಹೋಗ್ರಿ! ಸಾಯ್ತೀರಿ!" ಎಂದು ಬೆಂಕಿಪೊಟ್ಟಣದವನು ಕೂಗಿದ.

"ಹಚ್ಚಪಾ. ಮೀನು ಸತ್ರ ಯಾರೂ ಕೇಳೂದಿಲ್ಲ. ನಾ ಸತ್ರ ಕೇಳ್ತಾರ. ಹಚ್ಚು."

ಟೇಲರ್ "ಮೇಡಂ, ಬರ್ರಿ, ಬರ್ರಿ" ಎಂದು ದಂಡೆಯಿಂದ ಬೇಡುತ್ತಿದ್ದರು. ಬೆಂಕಿಪೊಟ್ಟಣದವನು ಕಡ್ಡಿ ಗೀರಿ, ಅದು ಆರುವವರೆಗೂ ಹಿಡಿದುಕೊಂಡೇ ನಿಂತ. ಕೊನೆಗೆ ತೋಟಾ ಹಿಡಿದವನೇ ಕೈ ಇಳಿಸಿ, ಬೇಸರದಿಂದ ಹೇಳಿದ: "ಬಂದ್ ಆಗೂದ್ರಾಗ ಸಿಕ್ಕಷ್ಟು ಹಿಡೀರಿ ಅಂದಾನ್ರಿ ಸಾವುಕಾರ. ಅಂವಾ ನಿಮ್ಮ ಪರವಾಗೇ ಅದಾನಲ್ರಿ ಮೇಡಂ, ನಮ್ಮನ್ಯಾಕ ತಡೀತೀರಿ?"

ಅವರು ಹೋದಮೇಲೆ ಮೇಡಂ ದಂಡೆಗೆ ಬಂದು ಕೂತರು. ಒದ್ದೆ ಸೆರಗು ಹಿಂಡಿದರು. ನಮ್ಮ ಪರವಾಗಿ ಇದ್ದಾನಂತೆ ಎಂದು ತಮ್ಮಷ್ಟಕ್ಕೇ ಎರಡು ಸಲ ಹೇಳಿಕೊಂಡರು.

ಊರು ಮುಟ್ಟುವವರೆಗೆ ಟೇಲರ್ ಒಂದೇ ಮಾತು ಹಿಡಿದಿದ್ದರು. "ಇದನ್ನ ಸಭಾದಾಗ ಎತ್ತಬ್ಯಾಡ್ರಿ. ಸಿಡಿಮದ್ದು ಅಂದ್ರ ಮುಗೀತು, ಪೂರ್ತಿ ಬಂದ್ ಮಾಡ್ತಾರ. ನಮ್ಮ ಗಾಳಾನೂ ಹೋಗ್ತದ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ತುಂಬಿಸಿದವನು ಸಾವುಕಾರ. ಮೇಡಂ ಎದ್ದಾಗ ಅವನ ಜನರೇ ಮೊದಲು ಚಪ್ಪಾಳೆ ಹೊಡೆದರು.

"ಗಾಳ ಬಂದ್ ಮಾಡಬ್ಯಾಡ್ರಿ ಅಂತ ಹೇಳಾಕ ಬಂದೀನ್ರಿ, ಸಾಹೇಬ್ರ" ಎಂದು ಸಭೆ ನಡೆಸುತ್ತಿದ್ದ ಅರಣ್ಯ ಅಧಿಕಾರಿಗೆ ಕೈಮುಗಿದರು. "ಆದ್ರ ಅದಕ್ಕಿಂತ ಮೊದಲ ಇನ್ನೊಂದು ಹೇಳಬೇಕು."

"ಬ್ಯಾಡ್ರಿ ಮೇಡಂ" ಎಂದು ಟೇಲರ್ ಹಿಂದಿನ ಸಾಲಿನಿಂದ ಮೆಲ್ಲಗೆ ಹೇಳಿದರು. ಮೇಡಂ ಹೇಳಿಯೇಬಿಟ್ಟರು. ಮಡು, ತೋಟಾ, ತೇಲಿದ ಮರಿಗಳು, ಕಳಿಸಿದವನು ಯಾರು ಎಂಬುದು, ಎಲ್ಲವನ್ನೂ. ಹಾಲಿನಲ್ಲಿ ಗದ್ದಲವೆದ್ದಿತು. ಕುರ್ಚಿಗಳು ಉರುಳಿದವು. ಸಾವುಕಾರ ಎದ್ದು ನಿಂತು, "ಸುಳ್ಳು! ಯಾರು ನೋಡ್ಯಾರ? ಒಬ್ಬರನ್ನ ತೋರಸ್ರಿ!" ಎಂದು ಅಬ್ಬರಿಸಿದ.

ಮೇಡಂ ನಮ್ಮತ್ತ ತಿರುಗಲಿಲ್ಲ. ತಿರುಗಿದರೆ ನಮ್ಮನ್ನು ಸಿಕ್ಕಿಸಿದಂತಾಗುತ್ತದೆಂದು ಎದುರಿಗೇ ನೋಡುತ್ತ ನಿಂತರು. ಟೇಲರ್ ನೆಲ ನೋಡುತ್ತಿದ್ದರು. ನಾನು ಅಲ್ಲಿಯವರೆಗೆ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ವಕೀಲರ ಆಫೀಸಿನಲ್ಲಿ ಬೇರೆಯವರ ಮಾತನ್ನು ಟೈಪ್ ಮಾಡುವುದಷ್ಟೇ ನನ್ನ ಕೆಲಸ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದೆ.

"ನಾ ನೋಡೀನ್ರಿ. ನಾನೂ ಅಲ್ಲೇ ಇದ್ದೆ."

ದನಿ ನನ್ನದೇ ಎಂದು ನಂಬಲಾಗಲಿಲ್ಲ. ಅಧಿಕಾರಿ ಎಲ್ಲರನ್ನೂ ಕೂರಿಸಿ, ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಮೇಡಂ ಅವರನ್ನು ಕೇಳಿದರು.

"ಮಡು ಪೂರ್ತಿ ಮುಚ್ಚರಿ. ನಾವೂ ಇಳಿಯೂದಿಲ್ಲ. ಮರಿ ಮಾಡೂ ಮಳಿಗಾಲದಾಗ ಇಡೀ ದಂಡಿ ಮುಚ್ಚರಿ. ಉಳಿದ ದಿನ ದಂಡಿ ಮ್ಯಾಲ ಕುಂತು ಗಾಳ ಹಾಕೋರನ್ನ ಮಾತ್ರ ಬಿಡ್ರಿ. ನಾವು ಕುಂತಿರ್ತೀವಿ ಅಂದ್ರ ತೋಟಾದವರು ಬರೂದಿಲ್ಲ."

ಹೊರಗೆ ಬಂದಾಗ ಟೇಲರ್ ಕಣ್ಣುಗಳು ಕೆಂಪಾಗಿದ್ದವು. "ನಮ್ಮನ್ನ ಒಂದು ಮಾತು ಕೇಳದಽ ಮಡು ಕೊಟ್ಟು ಬಂದ್ರಿ" ಎಂದಷ್ಟೇ ಹೇಳಿ ಹೊರಟುಹೋದರು. ಮರುದಿನ ಬೆಳಗ್ಗೆ ಕ್ಲಾಸಿನ ಕಿಟಕಿ ಗಾಜುಗಳೆಲ್ಲ ಒಡೆದಿದ್ದವು. ಯಾರೆಂದು ಹಿಡಿಯಲಾಗಲಿಲ್ಲ. ಮೇಡಂ ಚೂರುಗಳನ್ನು ಮೂಲೆಗೆ ಗುಡಿಸಿ ಪಾಠ ಶುರು ಮಾಡಿದರು. ನನ್ನನ್ನು ಮಾತ್ರ ಒಂದು ತಿಂಗಳು ಸಂಜೆ ಆಫೀಸಿನಿಂದ ಮನೆಯವರೆಗೆ ತಾವೇ ಬಿಟ್ಟು ಬರುತ್ತಿದ್ದರು.

ಆದೇಶ ಹೆಚ್ಚುಕಡಿಮೆ ಅವರು ಕೇಳಿದಂತೆಯೇ ಬಂತು. ಆದರೆ ಗುಂಪು ಒಡೆಯಿತು. ಅರ್ಧ ಜನ ಬರುವುದನ್ನೇ ಬಿಟ್ಟರು. ಟೇಲರ್ ಮಾತು ಬಿಟ್ಟರು. ಮೇಡಂ ಮಾತ್ರ ರವಿಕೆ ಹೊಲಿಯಲು ಅವರಿಗೇ ಕೊಡುತ್ತಿದ್ದರು. ಅವರು ಮಾತಿಲ್ಲದೆ ಬಟ್ಟೆ ತೆಗೆದುಕೊಂಡು, ಮಾತಿಲ್ಲದೆ ಹೊಲಿದುಕೊಡುತ್ತಿದ್ದರು. "ಮಾತು ಬಿಟ್ಟಾನ, ಹೊಲಿಗಿ ಕೆಟ್ಟಿಲ್ಲ" ಎನ್ನುತ್ತಿದ್ದರು ಮೇಡಂ. ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ಅವರಿಗೆ ಚುಚ್ಚುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವರ ಹೃದಯ ಕೈಕೊಟ್ಟಿತು. ಕಲಬುರಗಿಯ ಆಸ್ಪತ್ರೆಯಲ್ಲಿ ನಾನು ಹತ್ತಿರ ಕೂತಿದ್ದಾಗ, "ಆವತ್ತ ಸಭಾದಾಗ ನಿನ್ನ ದನಿ ಹಿಂದಿನಿಂದ ಕೇಳಿದ ಮ್ಯಾಲ ನನಗ ಉಸಿರು ಬಂತು ನೋಡು" ಎಂದರು. ಅಲ್ಲಿಯವರೆಗೆ ಅದನ್ನು ಹೇಳಿರಲಿಲ್ಲ. ಎರಡು ದಿನಗಳ ನಂತರ ತೀರಿಕೊಂಡರು.

ಮುಂದಿನ ಭಾನುವಾರ ನಾನೊಬ್ಬಳೇ ಹೊಳೆಗೆ ಹೋಗಿದ್ದೆ. ಮಡುವಿನ ಕಡೆಯಿಂದ ಟೇಲರ್ ಬರುವುದು ಕಂಡಿತು. ಕೂಗಾಡಿ ಅವರ ದನಿ ಬಿದ್ದುಹೋಗಿತ್ತು.

"ಬೆಳಿಗ್ಗೆ ಯಾರೋ ಮಡುವಿನ್ಯಾಗ ಬಲೆ ಹಾಕಾಕ ಬಂದಿದ್ರು. ಓಡಿಸಿದೆ" ಎಂದು ಬಂಡೆಯ ಮೇಲೆ ಕುಸಿದು ಕೂತರು. "ಕೇಳಾಕ ನೀ ಯಾರು ಅಂದ್ರು."

"ಏನಂದ್ರಿ?"

ಅವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಮೇಡಂ ಕಡೆಯವ ಅಂದೆ."