ಪೂರ್ವಕ್ಕೆ ಮುಖ ಮಾಡಿದ ಕಲ್ಲು

ಮೊರಾವಾ ನದಿಯ ದಂಡೆಯ ನಮ್ಮ ಪೇಟೆಯಲ್ಲಿ ಅರ್ಧ ಸ್ಮಶಾನ ಮಿಲೊಯೆಯ ಕೈಯದು. ನಲವತ್ತು ವರ್ಷ ಸಮಾಧಿಗಲ್ಲು ಕೆತ್ತಿದವನು, ಕೆಲಸದಲ್ಲಿ ಎತ್ತಿದ ಕೈ. ಆದರೆ ಬೀದಿಯಲ್ಲಿ ಅವನು ಯಾರನ್ನಾದರೂ ಒಂದು ಗಳಿಗೆ ಹೆಚ್ಚು ನೋಡಿದರೆ ಸಾಕು, ಅಳತೆ ತೆಗೆಯುತ್ತಿದ್ದಾನೆಂದು ಅವರು ಜಾಗ ಖಾಲಿ ಮಾಡುತ್ತಿದ್ದರು. ಪಾಪ, ಅವನ ದೃಷ್ಟಿ ಸ್ವಲ್ಪ ಮಂದ, ಅಷ್ಟೆ.

ಅವನಿಗಿದ್ದದ್ದು ಒಂದೇ ಆಸೆ. ಯಾರೂ ಅಳದಂಥ ಒಂದೇ ಒಂದು ಕಲ್ಲನ್ನು ತಾನು ಕೆತ್ತಬೇಕು. ಸ್ಮಶಾನದ ಪಕ್ಕದ ಗುಲಾಬಿ ತೋಟದಲ್ಲಿ ಶಿಲ್ಪ ಸ್ಪರ್ಧೆ ಎಂದಾಗ ಅರವತ್ತೆರಡರ ವಯಸ್ಸಿನಲ್ಲಿ ಹೋಗಿ ಹೆಸರು ಕೊಟ್ಟು ಬಂದ. ಹತ್ತು ದಿನ ತೋಟದ ಡೇರೆಯಲ್ಲಿ ಕೂತು ಹೆಂಡತಿ ದೆಸಾಂಕಾಳನ್ನೇ ಕೆತ್ತಿದ: ಸಂತೆಯಿಂದ ಬಂದು, ಬೂಟು ಕಳಚಿ, ಉಸ್ಸಪ್ಪಾ ಎಂದು ಕೂತವಳು. ಕ್ರೇನಿನವನು ಶಿಲ್ಪವನ್ನು ಹೂವಿನ ನಡುವೆ ಇಳಿಸುವಾಗ "ಮುಖ ಎತ್ಲಾಗಣ್ಣ?" ಎಂದು ಕೇಳಿದ. ಮಿಲೊಯೆ ಯೋಚಿಸದೆ ಒಂದು ದಿಕ್ಕಿಗೆ ಕೈ ತೋರಿಸಿದ.

ತೀರ್ಪಿನ ದಿನ ಶನಿವಾರ, ಊರೆಲ್ಲ ಸತ್ತವರಿಗೆ ಮೊಂಬತ್ತಿ ಹಚ್ಚುವ ಶನಿವಾರ. ಹೆಂಗಸರು ಉಳಿದ ಮೊಂಬತ್ತಿ, ಗೋರಿಯ ಮುಂದೆ ಇಡಲೆಂದು ಬೇಯಿಸಿ ಸಕ್ಕರೆ ಬೆರೆಸಿದ ಗೋಧಿ ಹಿಡಿದು ಸ್ಮಶಾನದಿಂದ ತೋಟದೊಳಗೇ ಹಾದು ಬರುತ್ತಿದ್ದರು. ಮುಂದಿದ್ದ ವಿದಾ ಅಜ್ಜಿ ಶಿಲ್ಪದೆದುರು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಯಾವಾಗ ಹೋದ್ಳಪ್ಪ ದೆಸಾಂಕಾ? ನಂಗೆ ಒಂದ್ ಮಾತು ಯಾರೂ ಹೇಳ್ಲಿಲ್ಲ."

"ಎಲ್ಲೂ ಹೋಗಿಲ್ಲ ಅಜ್ಜಿ. ಮನೇಲಿ ಅಡುಗೆ ಮಾಡ್ತಿದಾಳೆ."

"ಹಂಗೇ ಅನ್ಸುತ್ತೆ ಮಗ. ನಮ್ಮನೆಯವ್ರು ಹೋದಾಗ ನಂಗೂ ಒಂದ್ ವರ್ಷ ಹಂಗೇ ಅನ್ಸ್ತಿತ್ತು."

ಅವಳು ಮೊಂಬತ್ತಿ ಹಚ್ಚಿ, ಗೋಧಿಯ ಬಟ್ಟಲನ್ನು ಕಲ್ಲಿನ ಪಾದದ ಬಳಿ ಇಟ್ಟಳು. ಹಿಂದಿದ್ದವರೂ ಹಚ್ಚಿದರು. ಮಿಲೊಯೆ ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಒಬ್ಬಳಂತೂ ಗಳಗಳನೆ ಅಳತೊಡಗಿದಳು.

ಮಿಲೊಯೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಉಳಿದವರ ಶಿಲ್ಪಗಳೆಲ್ಲ ಕಾಲುದಾರಿಯತ್ತ ತಿರುಗಿದ್ದವು. ಅವನದೊಂದೇ, ನಮ್ಮ ಸ್ಮಶಾನದ ಪ್ರತಿ ಕಲ್ಲಿನ ಹಾಗೆ, ನೆಟ್ಟಗೆ ಪೂರ್ವಕ್ಕೆ ಮುಖ ಮಾಡಿತ್ತು. ತೊಡೆಯ ಮೇಲಿನ ಕೈಗಳೂ ಅವೇ, ಸಮಾಧಿಗಲ್ಲುಗಳ ಮೇಲೆ ಅವನು ಕೆತ್ತುತ್ತ ಬಂದ ಸತ್ತವರ ಕೈಗಳು. ತನ್ನ ಕೈಗೆ ಬೇರೇನೂ ಬರುವುದೇ ಇಲ್ಲ ಎನ್ನಿಸಿತು. ಕ್ರೇನ್ ಹೋಗಿಯಾಗಿತ್ತು, ತೀರ್ಪುಗಾರರು ತೋಟದ ಆಚೆ ತುದಿಗೆ ಬಂದಾಗಿತ್ತು.

ಅಷ್ಟರಲ್ಲಿ ದೆಸಾಂಕಾ ಗಂಡನಿಗೆ ಊಟ ಹಿಡಿದು ಬಂದಳು. ಅಳುತ್ತಿದ್ದವಳು ತೆರೆದ ಬಾಯಿ ತೆರೆದಂತೆಯೇ ನಿಂತಳು. ದೆಸಾಂಕಾ ಮೊಂಬತ್ತಿ ನೋಡಿದಳು, ಕಲ್ಲು ನೋಡಿದಳು, ಗಂಡನ ಮುಖವನ್ನೂ ನೋಡಿದಳು.

"ನನ್ ಮೂಗು ಇಷ್ಟುದ್ದ ಇದ್ಯೇನ್ರೀ?"

ಅವಳು ಬೂಟು ಕಳಚಿ ಕಲ್ಲಿನ ಪಕ್ಕದಲ್ಲೇ ಕೂತು, ಬಟ್ಟಲನ್ನು ಮಡಿಲಿಗೆ ಎಳೆದುಕೊಂಡಳು.

"ವಿದಾ ಅಜ್ಜಿ, ಇದು ನಂಗಿಟ್ಟಿದ್ದೇ ತಾನೆ?" ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. "ಸಕ್ಕರೆ ಕಮ್ಮಿಯಾಯ್ತು."

"ಇಷ್ಟ್ ವರ್ಷ ಇಟ್ಟಿದೀನಿ, ತಿಂದೋರ್ಯಾರೂ ಹಂಗಂದಿರ್ಲಿಲ್ಲ ಕಣೆ," ಎಂದಳು ಅಜ್ಜಿ.

ಅಳುತ್ತಿದ್ದವಳೇ ಮೊದಲು ನಕ್ಕಳು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅಜ್ಜಿ ಮೊಂಬತ್ತಿಗಳನ್ನು ಒಂದೊಂದಾಗಿ ಊದಿ ಆರಿಸಿ ಚೀಲಕ್ಕೆ ಹಾಕಿಕೊಂಡು, ತಾನೂ ಬೂಟು ಕಳಚಿ ಕೂತಳು.

ತೀರ್ಪುಗಾರರು ಬಂದಾಗ ಕಲ್ಲಿನ ಸುತ್ತ ಆರು ಜನ ಹೆಂಗಸರು ಬರಿಗಾಲಲ್ಲಿ ಕೂತು ಹರಟುತ್ತಿದ್ದರು, ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ಶಿಲ್ಪಿ ಎಲ್ಲಿ ಎಂದು ಅವರು ಕೇಳಿದರು. ದೆಸಾಂಕಾ ಗುಲಾಬಿ ಗಿಡದ ಹಿಂದಕ್ಕೆ ಬೆರಳು ತೋರಿಸಿದಳು. ಮಿಲೊಯೆ ಅಲ್ಲಿ ಕಲ್ಲುಪುಡಿ ಮೆತ್ತಿದ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಕಲ್ಲಿನೆದುರು ಅವನೊಬ್ಬನನ್ನು ಬಿಟ್ಟು ಯಾರೂ ಅಳುತ್ತಿರಲಿಲ್ಲ.