ಗೆರೆ ಎಳೆದದ್ದು ಯಾವಾಗ

ರಜೆಗೆ ಊರಿಗೆ ಬಂದವಳು ಕುಮಟೆಯ ಎಸ್‌ಟಿಡಿ ಬೂತಿನಿಂದ ನನ್ನ ಪಿಎಚ್‌ಡಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅಪ್ಪ ಹೊರಗೆ ನಿಂತಿದ್ದರು. ನನ್ನ ತೊಡಕನ್ನು ಅವರಿಗೆ ವಿವರಿಸಿದೆ. ಸ್ಕ್ಯಾನ್‌ಗಳಲ್ಲಿ ಇಡೀ ಮಿದುಳನ್ನು ಪರೀಕ್ಷಿಸಿದರೆ ಮರೆವಿನ ರೋಗಿಗಳಿಗೂ ಆರೋಗ್ಯವಂತರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ನೆನಪಿಗೆ ಸಂಬಂಧಿಸಿದ ಒಂದು ಭಾಗದ ಸುತ್ತ ಗೆರೆ ಎಳೆದು ಅಳೆದರೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಪ್ರಬಂಧದ ಮುಖ್ಯ ಅಧ್ಯಾಯ ನಿಂತಿದ್ದು ಅದರ ಮೇಲೆಯೇ.

"ಹಾಗಾಗಬಹುದು. ಸಾವಿರಾರು ಜಾಗ ಒಟ್ಟಿಗೆ ನೋಡುವಾಗ ಮಾನದಂಡ ಬಿಗಿ ಇರುತ್ತೆ, ಸಣ್ಣ ವ್ಯತ್ಯಾಸ ದಾಟಲ್ಲ," ಎಂದರು ಅವರು. "ಗೆರೆ ಎಳೆದದ್ದು ಇಡೀ ಮಿದುಳಿನ ಚಿತ್ರ ನೋಡೋಕೆ ಮೊದಲೇ ಅಲ್ವಾ?"

ಮೊದಲೇ ಎಳೆದಿದ್ದೆ. ಆದರೆ ಆ ಚಿತ್ರದಲ್ಲಿ ಮಾನದಂಡ ದಾಟದ ವ್ಯತ್ಯಾಸದ ಮಸುಕಾದ ಕಲೆಯೊಂದು ಗೆರೆಯಾಚೆ ಕಂಡಾಗ, ಅದೂ ಒಳಗೆ ಬರುವಂತೆ ಗೆರೆಯನ್ನು ತುಸು ಸರಿಸಿದ್ದೆ. ಅದು ಗೊತ್ತಿದ್ದುದು ನನಗೊಬ್ಬಳಿಗೇ.

"ನೋಡಿದ ಮೇಲೆ ತಿದ್ದಿದೆ, ಸರ್."



"ಹಳೇ ಗೆರೆ ಉಳಿಸಿದ್ದೀರಾ?"

"ಇದೆ."

"ಕಂಡದ್ದನ್ನೇ ಒಳಗೆ ಸೇರಿಸ್ಕೊಂಡು ಅಳೆದರೆ ವ್ಯತ್ಯಾಸ ಬಂದೇ ಬರುತ್ತೆ. ಹಳೇದರಲ್ಲೇ ಅಳೆದು, ಬಂದದ್ದನ್ನು ಬರೀರಿ."

ಹೊರಗೆ ಬಂದಾಗ ಅಪ್ಪ ಕೇಳಿದರು, "ಎಂತ ಆತು ಮಗಾ?"

"ಮತ್ತೆ ಅಳೀಬೇಕು."

"ಅಷ್ಟೇಯಾ? ನಿನ್ನ ಮುಖ ನೋಡಿ ಯಾರೋ ಸತ್ರು ಅಂದ್ಕಂಡೆ," ಎಂದವರು ಹಳದೀಪುರದ ಬಸ್ಸಿಗೆ ಕೈ ಮಾಡಿದರು.

ರಜೆ ಮುಗಿಸಿ ಹೋಗಿ ಅಳೆದಾಗ, ಹಳೆಯ ಗೆರೆಯೊಳಗೆ ವ್ಯತ್ಯಾಸ ಇದೆ ಎನ್ನುವಷ್ಟು ಏನೂ ಉಳಿಯಲಿಲ್ಲ. ಅಧ್ಯಾಯದಲ್ಲಿ ಹಾಗೆಯೇ ಬರೆದೆ.